ತೆರೆದ ಗಣಕ್ಕೆ ಈ ಮೂರು ನಿಯಮಗಳೇ ಏಕೆ?

ಪ್ರಶ್ನೆ: ಮೆಟ್ರಿಕ್ ಸ್ಪೇಸ್ (ಬಿಂದುಗಳ ನಡುವಿನ ದೂರವನ್ನು ಅಳೆಯಬಲ್ಲ ಗಣ) ಓದುವಾಗ ತೆರೆದ ಗಣ ಎಂದರೇನೆಂಬುದು ಕಣ್ಣಿಗೆ ಕಟ್ಟುವಂತಿತ್ತು: ಗಣದ ಪ್ರತಿ ಬಿಂದುವಿನ ಸುತ್ತಲೂ ಸ್ವಲ್ಪವಾದರೂ ಜಾಗ ಆ ಗಣದೊಳಗೇ ಇರಬೇಕು. ಟೋಪಾಲಜಿಗೆ ಬಂದೊಡನೆ ದೂರದ ಮಾತೇ ಇಲ್ಲ. ಮೂರು ನಿಯಮಗಳನ್ನು ಕೊಟ್ಟು, ಇವನ್ನು ಪಾಲಿಸುವ ಉಪಗಣಗಳ ಯಾವ ಸಂಗ್ರಹವಾದರೂ ಟೋಪಾಲಜಿಯೇ ಎನ್ನುತ್ತಾರೆ. ಈ ನಿಯಮಗಳು ಎಲ್ಲಿಂದ ಬಂದವು? ಸಂಯೋಗ ಎಷ್ಟು ಗಣಗಳದ್ದಾದರೂ ಆಗಬಹುದು, ಛೇದನ ಮಾತ್ರ ಪರಿಮಿತವಾಗಿರಬೇಕು ಎಂಬ ಭೇದವೇಕೆ?

ಉತ್ತರ: ಆ ಮೂರು ನಿಯಮಗಳನ್ನು ಮೊದಲು ನೆನೆಯೋಣ. ಶೂನ್ಯಗಣವೂ ಇಡೀ ಗಣವೂ ತೆರೆದವು. ತೆರೆದ ಗಣಗಳು ಎಷ್ಟೇ ಇರಲಿ, ಅವುಗಳ ಸಂಯೋಗ ತೆರೆದದ್ದು. ಪರಿಮಿತ ಸಂಖ್ಯೆಯ ತೆರೆದ ಗಣಗಳ ಛೇದನ ತೆರೆದದ್ದು. ಇವನ್ನು ಯಾರೂ ಶೂನ್ಯದಿಂದ ಕಲ್ಪಿಸಿಕೊಳ್ಳಲಿಲ್ಲ. 1906ರಲ್ಲಿ ಮಾರಿಸ್ ಫ್ರೆಷೆ ದೂರವನ್ನು ಅಮೂರ್ತಗೊಳಿಸಿ ಮೆಟ್ರಿಕ್ ಸ್ಪೇಸಿನ ಕಲ್ಪನೆಯನ್ನು ಮುಂದಿಟ್ಟರು. 1914ರಲ್ಲಿ ಫೆಲಿಕ್ಸ್ ಹೌಸ್ಡಾರ್ಫ್ ದೂರವನ್ನೂ ಬಿಟ್ಟು, ಬಿಂದುವಿನ ನೆರೆಗಳಿಗೆ ಇರಬೇಕಾದ ಗುಣಗಳನ್ನಷ್ಟೇ ಇಟ್ಟುಕೊಂಡು ಸಿದ್ಧಾಂತವನ್ನು ಕಟ್ಟಿದರು. ಅವಿಚ್ಛಿನ್ನತೆಯ, ಅಂದರೆ ಫಂಕ್ಷನ್ನಿನಲ್ಲಿ ಜಿಗಿತವಿಲ್ಲದಿರುವ ಗುಣದ, ಸಾಧನೆಗಳಲ್ಲಿ (ಪ್ರೂಫ್‌ಗಳಲ್ಲಿ) ದೂರದಿಂದ ನಿಜಕ್ಕೂ ಬಳಕೆಯಾಗುತ್ತಿದ್ದದ್ದು ಎಷ್ಟು ಎಂದು ಸೋಸಿದಾಗ ಕೊನೆಗೆ ಉಳಿದದ್ದೇ ಈ ನಿಯಮಗಳು ಎಂದು ತಿಳಿದರೆ ಅವುಗಳ ರೂಪ ವಿಚಿತ್ರವೆನಿಸುವುದಿಲ್ಲ.

ಛೇದನದ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವಾಸ್ತವ ಸಂಖ್ಯಾರೇಖೆಯ ಮೇಲೆ ಎರಡು ತೆರೆದ ಗಣಗಳೂ, ಎರಡರಲ್ಲೂ ಇರುವ ಒಂದು ಬಿಂದುವೂ ಇವೆಯೆನ್ನಿ. ಆ ಬಿಂದುವಿನ ಸುತ್ತ ಮೊದಲನೆಯದರಲ್ಲಿ 1/10ರಷ್ಟು, ಎರಡನೆಯದರಲ್ಲಿ 1/50ರಷ್ಟು ಜಾಗವಿದ್ದರೆ, ಛೇದನದಲ್ಲಿ 1/50ರಷ್ಟು ಜಾಗ ಖಚಿತವಾಗಿ ಸಿಗುತ್ತದೆ. ಸಾಧನೆಯ ಗುಟ್ಟೆಲ್ಲ ಇಷ್ಟೇ: ತ್ರಿಜ್ಯಗಳಲ್ಲಿ ಅತಿ ಚಿಕ್ಕದನ್ನು ಆರಿಸಿಕೊಳ್ಳುವುದು. ಪರಿಮಿತ ಸಂಖ್ಯೆಯ ಧನಸಂಖ್ಯೆಗಳಲ್ಲಿ ಅತಿ ಚಿಕ್ಕದೊಂದು ಇದ್ದೇ ಇರುತ್ತದೆ, ಅದೂ ಧನಸಂಖ್ಯೆಯೇ. ಅಪರಿಮಿತವಾದರೆ ಆ ಭರವಸೆಯಿಲ್ಲ. ಎನ್ 1, 2, 3 ಎಂದು ಬೆಳೆದಂತೆ (−1/ಎನ್, 1/ಎನ್) ಎಂಬ ಅಂತರಾಳಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದೂ ತೆರೆದದ್ದು, ಆದರೆ ಎಲ್ಲದರಲ್ಲೂ ಇರುವುದು 0 ಒಂದೇ, ಮತ್ತು ಒಂಟಿ ಬಿಂದುವಿನ ಸುತ್ತ ಜಾಗವೇ ಇರುವುದಿಲ್ಲ. ಸಂಯೋಗದಲ್ಲಿ ಈ ತೊಡಕಿಲ್ಲ, ಏಕೆಂದರೆ ಬಿಂದು ಯಾವ ಗಣದಿಂದ ಬಂದಿತೋ ಆ ಗಣದಲ್ಲಿದ್ದ ಜಾಗ ಸಂಯೋಗದಲ್ಲೂ ಹಾಗೆಯೇ ಉಳಿಯುತ್ತದೆ.

ಹಟಕ್ಕೆ ಬಿದ್ದು ಸಂಖ್ಯಾರೇಖೆಯಲ್ಲಿ ಅಪರಿಮಿತ ಛೇದನವನ್ನೂ ಒಪ್ಪಿಕೊಂಡರೆ ಏನಾಗುತ್ತದೆಂಬುದನ್ನೂ ನೋಡಿ. ಮೇಲಿನ ವಾದವನ್ನೇ ಪ್ರತಿ ಬಿಂದುವಿಗೂ ಅನ್ವಯಿಸಿದರೆ ಪ್ರತಿಯೊಂದು ಒಂಟಿ ಬಿಂದುವೂ ತೆರೆದ ಗಣವಾಗುತ್ತದೆ. ಒಂಟಿ ಬಿಂದುಗಳ ಸಂಯೋಗದಿಂದ ಯಾವ ಉಪಗಣವನ್ನಾದರೂ ಪಡೆಯಬಹುದಾದ್ದರಿಂದ ಎಲ್ಲ ಉಪಗಣಗಳೂ ತೆರೆದವಾಗುತ್ತವೆ. ಆಗ ಸಂಖ್ಯಾರೇಖೆಯಿಂದ ಹೊರಡುವ ಪ್ರತಿಯೊಂದು ಫಂಕ್ಷನ್ ಕೂಡ ಅವಿಚ್ಛಿನ್ನವೇ. ಅಂದರೆ ಅವಿಚ್ಛಿನ್ನ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಅವಿಚ್ಛಿನ್ನತೆಯ ಹೊಸ ವ್ಯಾಖ್ಯೆ ನಿಮಗೆ ಗೊತ್ತಿರಬೇಕು: ಪ್ರತಿ ತೆರೆದ ಗಣದ ಪೂರ್ವಬಿಂಬವೂ (ಫಂಕ್ಷನ್ ಆ ಗಣದೊಳಕ್ಕೆ ಒಯ್ಯುವ ಎಲ್ಲ ಬಿಂದುಗಳ ಗಣವೂ) ತೆರೆದದ್ದಾಗಿರಬೇಕು. ಸೊನ್ನೆಗಿಂತ ಕಡಿಮೆ ಇರುವ ಕಡೆ 0, ಉಳಿದೆಡೆ 1 ಬೆಲೆ ಪಡೆಯುವ ಫಂಕ್ಷನ್ನಿನಲ್ಲಿ (1/2, 3/2) ಎಂಬುದರ ಪೂರ್ವಬಿಂಬ ಸೊನ್ನೆಯೂ ಎಲ್ಲ ಧನಸಂಖ್ಯೆಗಳೂ ಸೇರಿದ ಗಣ. ಸೊನ್ನೆಯ ಎಡಕ್ಕೆ ಅದರಲ್ಲಿ ಜಾಗವಿಲ್ಲ, ಆದ್ದರಿಂದ ಅದು ತೆರೆದದ್ದಲ್ಲ. ದೂರವನ್ನು ಬಳಸುವ ಹಳೆಯ ವ್ಯಾಖ್ಯೆಯ ಎಪ್ಸಿಲಾನ್, ಡೆಲ್ಟಾಗಳು ಹಿಡಿಯುತ್ತಿದ್ದ ಜಿಗಿತವನ್ನು ಈ ವ್ಯಾಖ್ಯೆಯೂ ಅಷ್ಟೇ ಚೊಕ್ಕವಾಗಿ ಹಿಡಿಯುತ್ತದೆ. ಪ್ರತಿಬಿಂಬವನ್ನು ಬಿಟ್ಟು ಪೂರ್ವಬಿಂಬವನ್ನೇ ಏಕೆ ಹಿಡಿಯಬೇಕೆಂದು ಹಲವರು ಕೇಳುತ್ತಾರೆ. ಸಂಖ್ಯೆಯನ್ನು ಅದರ ವರ್ಗಕ್ಕೆ ಒಯ್ಯುವ ಫಂಕ್ಷನ್ ಅವಿಚ್ಛಿನ್ನವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ; ಆದರೂ ಅದು (−1, 1) ಎಂಬ ತೆರೆದ ಅಂತರಾಳವನ್ನು 0 ಸೇರಿರುವ, 1 ಸೇರದ [0, 1) ಎಂಬ ಅಂತರಾಳಕ್ಕೆ ಒಯ್ಯುತ್ತದೆ, ಇದು ತೆರೆದದ್ದಲ್ಲ.

ನಿಯಮಗಳು ಸಡಿಲವಾಗಿವೆ ಎನಿಸಿದರೆ ಮೂರು ಬಿಂದುಗಳ ಗಣವನ್ನು ಕಾಗದದ ಮೇಲೆ ಬರೆದು ನೋಡಿ. ಅದಕ್ಕೆ 8 ಉಪಗಣಗಳು, ಆ ಉಪಗಣಗಳಿಂದ ಮಾಡಬಹುದಾದ ಸಂಗ್ರಹಗಳು 256. ಅವುಗಳಲ್ಲಿ ಟೋಪಾಲಜಿ ಎನಿಸಿಕೊಳ್ಳುವುದು 29 ಮಾತ್ರ. ಒಂದು ಸಂಜೆಯಲ್ಲಿ ಮುಗಿಯುವ ಈ ಎಣಿಕೆಯನ್ನು ವಿದ್ಯಾರ್ಥಿಗಳು ಒಮ್ಮೆಯಾದರೂ ಸ್ವತಃ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಒಂದೇ ಗಣ ತೆರೆದದ್ದೂ ಮುಚ್ಚಿದ್ದೂ ಆಗಿರಲು ಹೇಗೆ ಸಾಧ್ಯ?

ಉತ್ತರ: ಗೊಂದಲಕ್ಕೆ ಕಾರಣ ಪದಗಳೇ. ಬಾಗಿಲು ತೆರೆದಿದ್ದರೆ ಮುಚ್ಚಿರುವುದಿಲ್ಲ. ಗಣಗಳಿಗೆ ಆ ನಿರ್ಬಂಧವಿಲ್ಲ. ಒಂದು ಗಣದ ಪೂರಕ ಗಣ ತೆರೆದದ್ದಾಗಿದ್ದರೆ ಅದನ್ನು ಮುಚ್ಚಿದ ಗಣ ಎನ್ನುತ್ತೇವೆ, ಅಷ್ಟೇ. ಇಲ್ಲಿ ಮರೆಯಬಾರದ ಸಂಗತಿಯೆಂದರೆ, ಯಾವ ಸ್ಪೇಸಿನೊಳಗೆ ಎಂಬುದನ್ನು ಹೇಳದೆ ತೆರೆದದ್ದು, ಮುಚ್ಚಿದ್ದು ಎಂಬ ಮಾತುಗಳಿಗೆ ಅರ್ಥವಿಲ್ಲ. ಭಾಗಲಬ್ಧ ಸಂಖ್ಯೆಗಳನ್ನಷ್ಟೇ ಸ್ಪೇಸ್ ಎಂದು ತೆಗೆದುಕೊಂಡು, ವರ್ಗವು 2ಕ್ಕಿಂತ ಕಡಿಮೆ ಇರುವವನ್ನು ಒಂದು ಗಣ ಮಾಡಿ. ಅದರ ಅಂಚುಗಳು ಇರಬೇಕಾಗಿದ್ದದ್ದು 2ರ ವರ್ಗಮೂಲದಲ್ಲಿ ಮತ್ತು ಅದರ ಋಣರೂಪದಲ್ಲಿ, ಆದರೆ ಆ ಎರಡೂ ಸಂಖ್ಯೆಗಳು ಈ ಸ್ಪೇಸಿನಲ್ಲೇ ಇಲ್ಲ. ಹೀಗಾಗಿ ಆ ಗಣವೂ ಅದರ ಪೂರಕವೂ ಎರಡೂ ತೆರೆದವು. ಒಂದು ಸ್ಪೇಸಿನಲ್ಲಿ ಶೂನ್ಯಗಣ ಮತ್ತು ಇಡೀ ಗಣವನ್ನು ಬಿಟ್ಟು ಇಂಥ ಬೇರೆ ಗಣ ಸಿಕ್ಕಿತೆಂದರೆ ಆ ಸ್ಪೇಸ್ ಸಂಬದ್ಧವಲ್ಲ, ಅದು ಎರಡು ತುಂಡುಗಳಾಗಿ ಒಡೆಯುತ್ತದೆ ಎಂದೇ ಅರ್ಥ.

ಪ್ರಶ್ನೆ: ಗ್ರೂಪ್‌ಗಳಲ್ಲಿ ಒಂದಕ್ಕೊಂದು ಹೊಂದುವ ಹೋಮೋಮಾರ್ಫಿಸಂನ (ಗ್ರೂಪಿನ ಕ್ರಿಯೆಯನ್ನು ಉಳಿಸಿಕೊಳ್ಳುವ ಫಂಕ್ಷನ್ನಿನ) ವಿಲೋಮವೂ ತಾನಾಗಿಯೇ ಹೋಮೋಮಾರ್ಫಿಸಂ ಆಗುತ್ತದೆ. ಎರಡು ಸ್ಪೇಸ್‌ಗಳು ಟೋಪಾಲಜಿಯ ದೃಷ್ಟಿಯಲ್ಲಿ ಒಂದೇ ಎಂದು ತೋರಿಸುವ ಹೋಮಿಯೋಮಾರ್ಫಿಸಂ ವ್ಯಾಖ್ಯೆಯಲ್ಲಿ ಮಾತ್ರ ವಿಲೋಮದ ಅವಿಚ್ಛಿನ್ನತೆಯನ್ನು ಪ್ರತ್ಯೇಕವಾಗಿ ಏಕೆ ಕೇಳುತ್ತಾರೆ?

ಉತ್ತರ: [0, 1) ಅಂತರಾಳವನ್ನು ಒಂದು ದಾರವೆಂದು ಭಾವಿಸಿ, ಅದನ್ನು ವೃತ್ತದ ಮೇಲೆ ಒಂದು ಸುತ್ತು ಸುತ್ತಿ. ಪ್ರತಿ ಬಿಂದುವೂ ವೃತ್ತದ ಒಂದೊಂದು ಬಿಂದುವಿಗೆ ಹೊಂದುತ್ತದೆ, ಸುತ್ತುವ ಕ್ರಿಯೆ ಅವಿಚ್ಛಿನ್ನವೂ ಹೌದು. ಬಿಚ್ಚುವಾಗ ಮಾತ್ರ ಆರಂಭದ ಬಿಂದುವಿನಲ್ಲಿ ವೃತ್ತ ಹರಿಯುತ್ತದೆ: ವೃತ್ತದ ಮೇಲೆ ಆ ಬಿಂದುವಿಗೆ ಹಿಂದಿನಿಂದ ಅಂಟಿಕೊಂಡಂತಿರುವ ಬಿಂದುಗಳು 1ರ ಬಳಿಗೆ ಹೋಗುತ್ತವೆ, ಆ ಬಿಂದು ಮಾತ್ರ 0ಗೆ ಹೋಗುತ್ತದೆ. ತೆರೆದ ಗಣಗಳ ಭಾಷೆಯಲ್ಲಿ ಹೇಳಿದರೆ, [0, 1/2) ಎಂಬುದು ದಾರದೊಳಗೆ ತೆರೆದ ಗಣ (0ಯ ಎಡಕ್ಕೆ ದಾರವೇ ಇಲ್ಲ), ಆದರೆ ಅದರ ಪ್ರತಿಬಿಂಬವಾದ ಅರ್ಧ ಕಂಸ ವೃತ್ತದೊಳಗೆ ತೆರೆದದ್ದಲ್ಲ.

ಟೋಪಾಲಜಿಯನ್ನು ರಬ್ಬರ್ ಹಾಳೆಯ ಜ್ಯಾಮಿತಿ ಎಂದು ಪರಿಚಯಿಸುವ ರೂಢಿಯಿಂದಲೂ ಇಲ್ಲಿ ಸ್ವಲ್ಪ ತೊಂದರೆಯಾಗುತ್ತದೆ. ಗಂಟು ಹಾಕಿ ತುದಿಗಳನ್ನು ಬೆಸೆದ ದಾರವನ್ನು ಎಷ್ಟು ಎಳೆದರೂ ಮೂರು ಆಯಾಮಗಳಲ್ಲಿ ಅದು ಸಾದಾ ವೃತ್ತವಾಗುವುದಿಲ್ಲ, ಆದರೂ ಎರಡೂ ಹೋಮಿಯೋಮಾರ್ಫಿಕ್. ಎಳೆತ, ಬಾಗುವಿಕೆಗಳ ಚಿತ್ರ ಊಹೆಗೆ ಸಾಕು, ಸಾಧನೆಗೆ ಸಾಲದು.

ವಿಲೋಮದ ಅವಿಚ್ಛಿನ್ನತೆ ಪುಕ್ಕಟೆಯಾಗಿ ಸಿಗುವ ಒಂದು ಸಂದರ್ಭವಿದೆ: ಹೊರಡುವ ಸ್ಪೇಸ್ ಕಾಂಪ್ಯಾಕ್ಟ್ ಆಗಿದ್ದು (ತೆರೆದ ಗಣಗಳಿಂದ ಅದನ್ನು ಹೇಗೆ ಮುಚ್ಚಿದರೂ ಅವುಗಳಲ್ಲಿ ಪರಿಮಿತ ಸಂಖ್ಯೆಯವೇ ಸಾಕಾಗುವಂತಿದ್ದು), ತಲುಪುವ ಸ್ಪೇಸ್ ಹೌಸ್ಡಾರ್ಫ್ ಆಗಿದ್ದರೆ (ಯಾವ ಎರಡು ಬಿಂದುಗಳನ್ನಾದರೂ ಒಂದರೊಡನೊಂದು ಸೇರದ ಎರಡು ತೆರೆದ ಗಣಗಳಿಂದ ಬೇರ್ಪಡಿಸಬಹುದಾದರೆ) ಅದನ್ನು ಬೇರೆಯಾಗಿ ಪರೀಕ್ಷಿಸಬೇಕಿಲ್ಲ. ವೃತ್ತ ಹೌಸ್ಡಾರ್ಫ್ ಹೌದು, ಕೊರತೆಯಿರುವುದು ದಾರದಲ್ಲಿ. [0, 1/2), [0, 2/3), [0, 3/4) ಹೀಗೆ ಮುಂದುವರಿಯುವ ಗಣಗಳು ಎಲ್ಲವೂ ಅದರೊಳಗೆ ತೆರೆದವು, ಒಟ್ಟಾಗಿ ಇಡೀ ದಾರವನ್ನು ಮುಚ್ಚುತ್ತವೆ; ಆದರೆ ಅವುಗಳಲ್ಲಿ ಪರಿಮಿತ ಸಂಖ್ಯೆಯವನ್ನು ಹೇಗೆ ಆರಿಸಿಕೊಂಡರೂ 1ರ ಬಳಿ ಒಂದಿಷ್ಟು ಭಾಗ ಹೊರಗೇ ಉಳಿಯುತ್ತದೆ.