ಓದುಗರ ಪ್ರಶ್ನೆ: ಬಿಸಿಲಿನಲ್ಲಿ ಕ್ಯಾಮೆರಾದ ಪರದೆ ಕಾಣಿಸದಿದ್ದಾಗ

ಪ್ರಶ್ನೆ: ನನ್ನಲ್ಲಿರುವುದು ದೂರದ ಜೂಮ್ ಇರುವ ಸಣ್ಣ ಡಿಜಿಟಲ್ ಕ್ಯಾಮೆರಾ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದಕ್ಕಿಲ್ಲ; ಹಿಂಬದಿಯ ಮೂರು ಇಂಚಿನ ಪರದೆಯೇ ಗತಿ. ಬೆಳಗಿನ ಹೊತ್ತು ಕೆರೆ ಏರಿಯ ಮೇಲೆ ನಿಂತು ಬೆಳ್ಳಕ್ಕಿಗಳ ಚಿತ್ರ ತೆಗೆಯುವಾಗ ಪರದೆಯ ಮೇಲೆ ಬಿಸಿಲು ಬಿದ್ದು, ಹಕ್ಕಿ ಚೌಕಟ್ಟಿನೊಳಗಿದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ಪರದೆಯ ಮೇಲಂಚಿಗೆ ರಟ್ಟಿನ ಸಣ್ಣ ಮಾಡು ಕಟ್ಟಿದ್ದೇನೆ. ಅದು ಮಧ್ಯಾಹ್ನ ಉಪಯೋಗಕ್ಕೆ ಬರುತ್ತದೆ, ಬೆಳಿಗ್ಗೆ ಬರುವುದಿಲ್ಲ. ವಿಚಿತ್ರವೆಂದರೆ, ಕೊಕ್ಕರೆ ಬೆಳ್ಳೂರಿನ ಮರಗಳ ಮೇಲಿನ ಬಣ್ಣದ ಕೊಕ್ಕರೆಗಳನ್ನು ತೆಗೆಯುವಾಗ ಬೆಳಿಗ್ಗೆಯೂ ಅದೇ ಮಾಡು ಸಾಕಾಗುತ್ತದೆ. ಇದಕ್ಕೆ ಕಾರಣವೇನು, ಪರಿಹಾರವೇನು?
– ನಿವೃತ್ತ ಶಿಕ್ಷಕರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ತಾವು ವಿಚಿತ್ರವೆಂದು ಕರೆದಿರುವ ಸಂಗತಿಯಲ್ಲಿಯೇ ಉತ್ತರವಿದೆ. ಹಕ್ಕಿಯ ಮೇಲೆ ಒಳ್ಳೆಯ ಬೆಳಕು ಬೀಳಬೇಕಾದರೆ ಸೂರ್ಯ ನಮ್ಮ ಬೆನ್ನ ಹಿಂದೆ ಇರಬೇಕು. ಆದರೆ ಬೆನ್ನ ಹಿಂದಿನ ಸೂರ್ಯನಿಗೆ ಹಕ್ಕಿ ಹೇಗೆ ಎದುರಾಗಿರುತ್ತದೆಯೋ ಕ್ಯಾಮೆರಾದ ಪರದೆಯೂ ಹಾಗೆಯೇ ಎದುರಾಗಿರುತ್ತದೆ. ನೆತ್ತಿಯ ಮೇಲಿನ ಬಿಸಿಲನ್ನು ಮಾಡು ತಡೆಯುತ್ತದೆ, ಅಡ್ಡಬಿಸಿಲು ಅದರ ಕೆಳಗಿನಿಂದ ನುಸುಳಿ ಬರುತ್ತದೆ. ತಮ್ಮ ಪರದೆಯ ಎತ್ತರ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಇದ್ದೀತು. ಕ್ಯಾಮೆರಾವನ್ನು ನೆಟ್ಟಗೆ ಹಿಡಿದಿರುವಾಗ, ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿದ್ದರೆ ಅಷ್ಟೇ ಉದ್ದದ ಮಾಡು ಇಡೀ ಪರದೆಗೆ ನೆರಳು ಕೊಡುತ್ತದೆ. ಸೂರ್ಯ 20 ಡಿಗ್ರಿಯಲ್ಲಿದ್ದರೆ 12 ಸೆಂಟಿಮೀಟರಿಗೂ ಹೆಚ್ಚು ಉದ್ದ ಬೇಕಾಗುತ್ತದೆ, ಅಷ್ಟು ಉದ್ದದ ರಟ್ಟು ಹಣೆಗೆ ತಾಗೀತು. ಕೊಕ್ಕರೆ ಬೆಳ್ಳೂರಿನಲ್ಲಾದರೋ ತಾವು ಕ್ಯಾಮೆರಾವನ್ನು ಮರದ ತುದಿಯತ್ತ ಎತ್ತಿ ಹಿಡಿಯುತ್ತೀರಿ, ಆಗ ಪರದೆ ನೆಲದ ಕಡೆಗೆ ವಾಲುತ್ತದೆ. 25 ಡಿಗ್ರಿ ಎತ್ತಿದರೆ, 20 ಡಿಗ್ರಿ ಮೇಲಿರುವ ಸೂರ್ಯ ಪರದೆಯ ಲೆಕ್ಕಕ್ಕೆ 45 ಡಿಗ್ರಿ ಮೇಲಿರುವಂತೆಯೇ ಆಗುತ್ತದೆ.

ಖರ್ಚಿಲ್ಲದ ಉಪಾಯವನ್ನು ಮೊದಲು ನೋಡೋಣ. ನೆಲದ ಮೇಲೆ ಬಿದ್ದಿರುವ ತಮ್ಮ ನೆರಳು ಹಕ್ಕಿಯ ಕಡೆಗೇ ಚಾಚಿರುವಂತೆ ನಿಲ್ಲಿರಿ. ಸೂರ್ಯ ಪೂರ್ತಿ ಬೆನ್ನ ಹಿಂದಿದ್ದರೆ ತಲೆಯ ನೆರಳು ತಾನಾಗಿ ಪರದೆಯನ್ನು ಮುಚ್ಚುತ್ತದೆ; ತೊಂದರೆ ಹೆಚ್ಚುವುದು ಬಿಸಿಲು ಭುಜದ ಮೇಲಿಂದ ಓರೆಯಾಗಿ ಬಂದಾಗ. ಏರಿಯ ಮೇಲೆ ನಾಲ್ಕು ಹೆಜ್ಜೆ ಆಚೀಚೆ ಸರಿದರೆ ಎಷ್ಟೋ ಸಲ ಅಷ್ಟರಲ್ಲೇ ಕೆಲಸವಾಗುತ್ತದೆ. ಅಗಲ ಅಂಚಿನ ಟೋಪಿ ಈ ನೆರಳನ್ನು ಇನ್ನಷ್ಟು ಹರಡುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಮಾತ್ರ ನಿಲ್ಲುವ ಜಾಗ ನಮ್ಮ ಕೈಯಲ್ಲಿರುವುದಿಲ್ಲವಾದ್ದರಿಂದ ಅಲ್ಲಿ ಟೋಪಿಯನ್ನೇ ನಂಬಬೇಕು.

ಅಡ್ಡಬಿಸಿಲಿಗೆ ನಿಜವಾದ ಪರಿಹಾರವೆಂದರೆ ಮಾಡು ಅಲ್ಲ, ನಾಲ್ಕೂ ಕಡೆ ಮುಚ್ಚಿದ ಕೊಳವೆ. ಪರದೆಯ ಅಳತೆಗೆ ಸರಿಯಾಗಿ ದಪ್ಪ ರಟ್ಟಿನ ಚೌಕ ಕೊಳವೆ ಮಾಡಿ, ಒಳಮೈಗೆ ಕಪ್ಪು ಮಖಮಲ್ ಬಟ್ಟೆಯನ್ನು ಅಂಟಿಸಿರಿ. ಕಪ್ಪು ಬಣ್ಣ ಬಳಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಬಣ್ಣ ಒಣಗಿದ ಮೇಲೆ ಹೊಳೆಯುವುದಾದರೆ ಅದೇ ಹೊಳಪು ಪರದೆಯಲ್ಲಿ ಪ್ರತಿಫಲಿಸುತ್ತದೆ, ಮಖಮಲ್ಲಾದರೋ ಬಿದ್ದ ಬೆಳಕನ್ನು ನುಂಗಿಬಿಡುತ್ತದೆ. ಕೊಳವೆಯನ್ನು ಕ್ಯಾಮೆರಾಕ್ಕೆ ಗೋಂದಿನಿಂದ ಅಂಟಿಸದೆ ಅಗಲ ಇಲಾಸ್ಟಿಕ್ ಪಟ್ಟಿಯಿಂದ ಬಿಗಿಯಿರಿ. ಬಲಬದಿಯ ಗುಂಡಿಗಳಿಗೆ ಹೆಬ್ಬೆರಳು ಎಟುಕುತ್ತಿರಲಿ.

ಕೊಳವೆಯ ತುದಿಗೆ ಕಣ್ಣಿಟ್ಟಾಗ ಪರದೆ ತೀರ ಹತ್ತಿರವಾಗುತ್ತದೆ, ನಲವತ್ತು ದಾಟಿದವರಿಗಂತೂ ಅದು ಮಸುಕಾಗಿಯೇ ಕಾಣುತ್ತದೆ. ಆದ್ದರಿಂದ ಅಲ್ಲೊಂದು ಭೂತಗನ್ನಡಿಯನ್ನು ಕೂರಿಸಬೇಕು. ಆ ಗಾಜು ಬಿಸಿಲನ್ನು ಕಾಗದದ ಮೇಲೆ ಅತಿ ಚಿಕ್ಕ ಚುಕ್ಕೆಯಾಗಿ ಕೂಡಿಸುವ ದೂರವನ್ನು ಅಳೆದುಕೊಳ್ಳಿರಿ. ಅದು 10 ಸೆಂಟಿಮೀಟರ್ ಆಗಿದ್ದರೆ ಕೊಳವೆ 9 ಸೆಂಟಿಮೀಟರ್ ಇರಲಿ. ಬಿಸಿಲನ್ನು ಮರೆಮಾಡುವುದರ ಜೊತೆಗೆ ಚಿತ್ರವೂ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾ ಮುಖಕ್ಕೆ ಒತ್ತಿಕೊಂಡಿರುವುದರಿಂದ ಕೈ ನಡುಗುವುದೂ ಕಡಿಮೆಯಾಗುತ್ತದೆ, ಉದ್ದ ಜೂಮಿನಲ್ಲಿ ಇದು ಸಣ್ಣ ಲಾಭವಲ್ಲ. ಆದರೆ ಒಂದು ಎಚ್ಚರಿಕೆ: ಕಾಗದವನ್ನು ಸುಡಬಲ್ಲ ಗಾಜು ಪರದೆಯನ್ನೂ ಸುಟ್ಟೀತು. ಕಣ್ಣು ತೆಗೆದು ಕ್ಯಾಮೆರಾವನ್ನು ಕುತ್ತಿಗೆಗೆ ತೂಗುಬಿಟ್ಟಾಗ ಕೊಳವೆಯ ಬಾಯಿ ಸೂರ್ಯನ ಕಡೆ ತಿರುಗುವ ಸಾಧ್ಯತೆ ಇರುವುದರಿಂದ, ಅದಕ್ಕೊಂದು ಮುಚ್ಚಳ ಮಾಡಿಕೊಳ್ಳದೆ ಬಳಸಬೇಡಿರಿ.

ಇಷ್ಟೆಲ್ಲ ಕೆಲಸ ಬೇಡವೆನ್ನುವವರಿಗೆ ಕುರಿಗಾಹಿಗಳ ಕರಿ ಕಂಬಳಿಯ ಕೊಪ್ಪೆಗಿಂತ ಒಳ್ಳೆಯದು ನನಗೆ ಕಂಡಿಲ್ಲ. ತಲೆಯನ್ನೂ ಕ್ಯಾಮೆರಾವನ್ನೂ ಒಟ್ಟಿಗೆ ಮುಚ್ಚುತ್ತದೆ, ಭಾರವಿರುವುದರಿಂದ ಗಾಳಿಗೆ ಪಟಪಟ ಬಡಿದು ಹಕ್ಕಿಯನ್ನು ಬೆದರಿಸುವುದಿಲ್ಲ. ಸೆಕೆಯನ್ನು ಮಾತ್ರ ಸಹಿಸಿಕೊಳ್ಳಬೇಕು. ಛತ್ರಿಯನ್ನು ನಾನು ಶಿಫಾರಸು ಮಾಡಲಾರೆ, ಅದನ್ನು ಬಿಚ್ಚುವಷ್ಟರಲ್ಲಿ ಕೆರೆಯ ಅರ್ಧ ಹಕ್ಕಿಗಳು ಎದ್ದಿರುತ್ತವೆ.

ಇನ್ನು ಸೂರ್ಯ ಎದುರಿಗಿದ್ದಾಗಲೂ ಪರದೆ ಮಂಕಾಗುವುದುಂಟು. ಆಗ ದೋಷ ಅಂಗಿಯದು. ಬಿಸಿಲು ಬಿದ್ದ ಬಿಳಿ ಅಂಗಿ ಪರದೆಯ ಗಾಜಿನಲ್ಲಿ ಹಾಗೆಯೇ ಕಾಣುತ್ತದೆ; ಮಾಸಲು ಹಸಿರು ಅಥವಾ ಕಂದು ಬಣ್ಣದ ಅಂಗಿ ತೊಟ್ಟರೆ ಪರದೆಗೂ ಒಳ್ಳೆಯದು, ಹಕ್ಕಿಗಳಿಗೂ ಒಳ್ಳೆಯದು.

ಪ್ರಶ್ನೆ: ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕ್ಯಾಮೆರಾವನ್ನು ಉದ್ದುದ್ದಕ್ಕೆ ತಿರುಗಿಸಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ಪರದೆ ಕೆಟ್ಟಿದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಕೆಟ್ಟಿಲ್ಲ. ತಮ್ಮದು ಪೋಲರಾಯ್ಡ್ ಕನ್ನಡಕ. ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ. ಕನ್ನಡಕ ಅದೇ ದಿಕ್ಕನ್ನು ತಡೆಯುವಂತೆ ಪರದೆ ತಿರುಗಿದಾಗ ಬೆಳಕು ಕಣ್ಣಿಗೆ ತಲುಪುವುದಿಲ್ಲ. ಚಿತ್ರ ತೆಗೆಯುವಾಗ ಕನ್ನಡಕವನ್ನು ತೆಗೆದಿಟ್ಟುಕೊಳ್ಳಿರಿ.

ಪ್ರಶ್ನೆ: ಗದ್ದೆಯಲ್ಲಿ ತೆಗೆದ ಬೆಳ್ಳಕ್ಕಿಯ ಚಿತ್ರಗಳು ಅಲ್ಲಿ ಪರದೆಯಲ್ಲಿ ಚೆನ್ನಾಗಿಯೇ ಕಂಡವು, ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಹಕ್ಕಿ ಬರೀ ಬಿಳಿ ಮಚ್ಚೆ, ಗರಿಯ ಗೆರೆ ಒಂದೂ ಇಲ್ಲ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಇರುತ್ತದೆ; ಒಳ್ಳೆಯ ದೀಪವಿರುವ ಕಚೇರಿಯಲ್ಲಿ ಅದು 500ರ ಆಸುಪಾಸು. ಅಷ್ಟು ಬೆಳಕಿನ ನಡುವೆ ಪರದೆಯ ಚಿತ್ರ ಇರುವುದಕ್ಕಿಂತ ಕಪ್ಪಾಗಿ ಕಾಣುವುದರಿಂದ, ಹೆಚ್ಚು ಬೆಳಕು ಬಿದ್ದ ಚಿತ್ರವೂ ಸರಿಯಾಗಿಯೇ ಇದೆ ಎನಿಸುತ್ತದೆ. ಮೆನುವಿನಲ್ಲಿ ಪರದೆಯ ಹೊಳಪು ಹೆಚ್ಚಿಸಿದರೆ ಸ್ವಲ್ಪ ಅನುಕೂಲವಾಗುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಬಿಳಿ ಸುಟ್ಟಿದೆಯೇ, ಅಂದರೆ ಬೆಳಕು ಹೆಚ್ಚಾಗಿ ವಿವರ ಅಳಿಸಿಹೋಗಿದೆಯೇ ಎಂಬುದನ್ನು ಮಾತ್ರ ಅದು ಹೇಳಲಾರದು. ಅದನ್ನು ಹೇಳುವುದು ಹಿಸ್ಟೋಗ್ರಾಮ್, ಅಂದರೆ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವ ಛಾಯೆ ಎಷ್ಟಿದೆ ಎಂಬುದನ್ನು ಎಡದಿಂದ ಬಲಕ್ಕೆ ತೋರಿಸುವ ನಕ್ಷೆ. ಅದರ ಗುಡ್ಡೆ ಬಲತುದಿಯ ಗೋಡೆಗೆ ಒತ್ತಿಕೊಂಡಿದ್ದರೆ ಗರಿಯ ವಿವರ ಹೋಗಿದೆಯೆಂದೇ ತಿಳಿಯಿರಿ. ಆದರೆ ಹಕ್ಕಿ ಚೌಕಟ್ಟಿನಲ್ಲಿ ಚಿಕ್ಕದಾಗಿದ್ದರೆ ಆ ಬಲತುದಿಯ ಗೆರೆ ಕಣ್ಣಿಗೆ ಬೀಳದಷ್ಟು ಸಣ್ಣದಾಗಿರುತ್ತದೆ. ಸುಟ್ಟ ಭಾಗವನ್ನು ಮಿನುಗಿಸಿ ತೋರಿಸುವ ಸೌಲಭ್ಯ ತಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನೇ ನಂಬುವುದು ಲೇಸು. ಕಡು ಹಸಿರು ಗದ್ದೆ ಅಥವಾ ಕಪ್ಪು ನೀರಿನ ಮುಂದೆ ನಿಂತ ಬೆಳ್ಳಕ್ಕಿಗೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು (ಚಿತ್ರಕ್ಕೆ ಬೀಳುವ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯವನ್ನು) ಮೈನಸ್ ಒಂದರಿಂದ ಶುರುಮಾಡಿರಿ, ಮಿನುಗು ನಿಲ್ಲದಿದ್ದರೆ ಇನ್ನೂ ಇಳಿಸಿರಿ. ಆಕಾಶದ ಎದುರು ತಂತಿಯ ಮೇಲೆ ಕುಳಿತ ಕಾಜಾಣಕ್ಕೆ ಲೆಕ್ಕ ತಿರುಗುಮುರುಗು: ಅಲ್ಲಿ ಪ್ಲಸ್ ಕಡೆಗೆ ಹೋಗಬೇಕು, ಆಕಾಶ ಬೆಳ್ಳಗಾದರೂ ಚಿಂತೆಯಿಲ್ಲ.