ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದಿನ ಚಕ್ರ ಕುಣಿಯುತ್ತಿದೆಯೇ?

ಪ್ರಶ್ನೆ: ನನ್ನ ಹತ್ತಿರ 1969ರ ಷೆವ್ರೊಲೆ ಕ್ಯಾಮರೊ ಕಾರು ಇದೆ. 350 ಘನ ಇಂಚಿನ ಇಂಜಿನ್, ಹಿಂದೆ ಒಂದೇ ಪಟ್ಟೆಯ ಲೀಫ್ ಸ್ಪ್ರಿಂಗ್. ವಾರಾಂತ್ಯದಲ್ಲಿ ಊರೊಳಗೆ ಓಡಿಸುತ್ತೇನೆ, ಆಗಾಗ ಡ್ರ್ಯಾಗ್ ಸ್ಟ್ರಿಪ್‌ಗೂ (ನೇರ ಓಟದ ರೇಸ್ ಟ್ರ್ಯಾಕ್) ಹೋಗುತ್ತೇನೆ. ಲಾಂಚ್ ಮಾಡಿದ, ಅಂದರೆ ನಿಂತಲ್ಲಿಂದ ಒಮ್ಮೆಲೇ ಹೊರಡಿಸಿದ ತಕ್ಷಣ ಹಿಂಭಾಗ ದಡದಡ ಬಡಿಯುತ್ತದೆ. ಗೆಳೆಯರು ಲ್ಯಾಡರ್ ಬಾರ್ (ಆಕ್ಸಲನ್ನು ಗಾಡಿಯ ತಳಕ್ಕೆ ಜೋಡಿಸುವ ಏಣಿಯಾಕಾರದ ಸರಳು) ಹಾಕಿಸು ಅನ್ನುತ್ತಿದ್ದಾರೆ. ಹಾಕಿಸಲೇ? – ಓದುಗರೊಬ್ಬರು, ಡಲ್ಲಾಸ್

ಉತ್ತರ: ಬೇಡ. ಲ್ಯಾಡರ್ ಬಾರ್ ನೇರ ದಾರಿಗೆ ಚೆನ್ನ. ಆದರೆ ತಿರುವಿನಲ್ಲಿ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋಗಬೇಕಾದಾಗ ಆಕ್ಸಲ್ ಬಿಗಿದುಕೊಳ್ಳುತ್ತದೆ. ಮಾರ್ಕೆಟ್ಟಿಗೂ ಓಡಿಸುವ ಗಾಡಿಗೆ ಆ ಕಾಟ ಯಾಕೆ? ಅದಕ್ಕಾಗಿ ಒಳ್ಳೆಯ ಗಾಡಿಯ ತಳ ಕೊಯ್ಯುವುದಂತೂ ನನಗೆ ಇಷ್ಟವಿಲ್ಲ.

ನಿಮ್ಮ ಗಾಡಿಯಲ್ಲಿ ಆಗುತ್ತಿರುವುದು ಇಷ್ಟು. ಚಕ್ರ ಮುಂದಕ್ಕೆ ತಿರುಗಿದಾಗ ಆಕ್ಸಲ್ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಹಿಂದಕ್ಕೆ ತಿರುಗಲು ನೋಡುತ್ತದೆ, ಅದರ ಮುಂದಿನ ಪಿನಿಯನ್ (ಶಾಫ್ಟ್ ಬಂದು ಸೇರುವ ಗೇರ್) ಮೂತಿ ಮೇಲೇಳುತ್ತದೆ, ಜೊತೆಗೆ ಸ್ಪ್ರಿಂಗ್ ಪಟ್ಟೆಯೂ ಡೊಂಕಾಗುತ್ತದೆ. ಟೈರ್ ಹಿಡಿತ ಬಿಟ್ಟರೆ ಪಟ್ಟೆ ವಾಪಸ್ ಚಿಮ್ಮುತ್ತದೆ, ಹಿಡಿತ ಸಿಕ್ಕರೆ ಮತ್ತೆ ಡೊಂಕು. ಇದೇ ಆ ದಡದಡ. 1968ರಲ್ಲಿ ಷೆವ್ರೊಲೆ ಒಂದು ಶಾಕ್ ಅಬ್ಸಾರ್ಬರನ್ನು ಆಕ್ಸಲ್‌ನ ಮುಂದೆ, ಇನ್ನೊಂದನ್ನು ಹಿಂದೆ ಕೂರಿಸಿದ್ದು ಇದನ್ನು ತಡೆಯಲೆಂದೇ. ನಿಮ್ಮ ಗಾಡಿಯಲ್ಲೂ ಹಾಗೇ ಇರಬೇಕು, ಬಗ್ಗಿ ನೋಡಿ.

ಮೊದಲು ಸ್ಪ್ರಿಂಗ್‌ನ ಮುಂದಿನ ಕಣ್ಣಿನ (ತುದಿಯ ಸುರುಳಿಯ) ಒಳಗಿನ ರಬ್ಬರ್ ಬುಷ್ ನೋಡಿ. ಗಾಡಿಯನ್ನು ಮುಂದಕ್ಕೆ ತಳ್ಳುವ ಬಲವೆಲ್ಲ ಅಲ್ಲಿಂದಲೇ ಹಾದುಹೋಗುತ್ತದೆ. ಹಳೇ ರಬ್ಬರ್ ಸೀಳಿದ್ದರೆ ಉಳಿದದ್ದೆಲ್ಲ ಸುಮ್ನೆ ಖರ್ಚು. ಅಲ್ಲಿಗೆ ಪಾಲಿಯುರೆಥೇನ್ ಹಾಕಿ, ಹಿಂದಿನ ಶ್ಯಾಕಲ್‌ಗೆ (ಸ್ಪ್ರಿಂಗ್‌ನ ಹಿಂತುದಿ ತೂಗುವ ಕೊಂಡಿ) ರಬ್ಬರ್ ಸಾಕು.

ಆಮೇಲೆ ಕ್ಯಾಲ್‌ಟ್ರ್ಯಾಕ್ಸ್ (ಒಂದು ಬ್ರ್ಯಾಂಡ್) ತರಹದ ಬಾರ್ ಹಾಕಿಸಿ, ಆಕ್ಸಲ್‌ನಿಂದ ಸ್ಪ್ರಿಂಗ್‌ನ ಮುಂದಿನ ತುದಿಯವರೆಗೆ ಹೋಗುವ ಸರಳು ಇದು. ಹೌಸಿಂಗ್ ತಿರುಗಲು ಹೊರಟರೆ ಇದು ಮುಂದಿನ ಪಿವಟ್ಟನ್ನು (ತಿರುಗುವ ಕೀಲನ್ನು) ತಳ್ಳುತ್ತದೆ, ಪಿವಟ್ ಪಟ್ಟೆಯ ಮುಂಭಾಗವನ್ನು ಮೇಲಿನಿಂದ ಒತ್ತಿ ಹಿಡಿಯುತ್ತದೆ. ಡೊಂಕಾಗಲು ಜಾಗವೇ ಇರುವುದಿಲ್ಲ. ರಸ್ತೆಯಲ್ಲಿ ಮಾಮೂಲಿಯಾಗಿ ಓಡಿಸುವಾಗ ತನ್ನ ಪಾಡಿಗೆ ಇರುತ್ತದೆ. ಹಳೇ ಕಾಲದ ಸ್ಲ್ಯಾಪರ್ ಬಾರ್ (ಪಟ್ಟೆಯ ಕೆಳಗೆ ಮುಂದಕ್ಕೆ ಚಾಚಿರುವ ಸರಳು) ಅಗ್ಗ, ಕೆಲಸವೂ ಮಾಡುತ್ತದೆ, ಆದರೆ ಅದರ ತುದಿಯ ರಬ್ಬರ್ ಸರಿಯಾಗಿ ಸ್ಪ್ರಿಂಗ್ ಕಣ್ಣಿನ ಕೆಳಗೇ ತಾಗಬೇಕು. ಪಟ್ಟೆಯ ನಡುವೆ ತಾಗಿದರೆ ಪಟ್ಟೆಯೇ ಬಾಗುತ್ತದೆ.

ಇನ್ನು ಪಿನಿಯನ್ ಕೋನ, ಜಾಸ್ತಿ ಜನ ಎಡವುವುದು ಇಲ್ಲೇ. ಪ್ರೊಪೆಲ್ಲರ್ ಶಾಫ್ಟ್‌ಗೆ (ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಬಲ ಒಯ್ಯುವ ಉದ್ದ ಶಾಫ್ಟ್) ಹೋಲಿಸಿದರೆ ಪಿನಿಯನ್ ಸ್ವಲ್ಪ ಕೆಳಕ್ಕೆ ನೋಡುತ್ತಿರಬೇಕು. ಭಾರ ಬಿದ್ದು ಮೇಲೆದ್ದಾಗ ಎರಡೂ ಹೆಚ್ಚು ಕಡಿಮೆ ನೇರಕ್ಕೆ ಬರಲಿ ಅಂತ. ಬರೀ ಲೀಫ್ ಸ್ಪ್ರಿಂಗ್ ಇದ್ದರೆ 5ರಿಂದ 7 ಡಿಗ್ರಿ, ಈ ಬಾರ್ ಇದ್ದರೆ 2-3 ಡಿಗ್ರಿಯಿಂದ ಶುರು ಮಾಡಿ. ಅಳೆಯುವಾಗ ಗಾಡಿಯ ಭಾರ ಟೈರ್ ಮೇಲೆಯೇ ಇರಲಿ. ಜ್ಯಾಕ್ ಮೇಲೆ ಆಕ್ಸಲ್ ನೇತಾಡುತ್ತಿರುವಾಗ ಅಳೆದರೆ ಸಿಗುವ ಅಂಕಿ ಯಾವುದಕ್ಕೂ ಬಾರದು. ಕೋನ ಬದಲಿಸಲು ಓರೆ ಶಿಮ್ (ಸ್ಪ್ರಿಂಗ್‌ಗೂ ಆಕ್ಸಲ್‌ಗೂ ನಡುವಿನ ಬೆಣೆ) ಹಾಕಬೇಕಾದರೆ ಉಕ್ಕಿನದೇ ತನ್ನಿ. ಅಲ್ಯೂಮಿನಿಯಂನದು ಬಿರುಕು ಬಿಟ್ಟು ಉದುರಿದರೆ ಆಕ್ಸಲನ್ನು ಸ್ಪ್ರಿಂಗ್‌ಗೆ ಬಿಗಿದಿರುವ ಯು-ಬೋಲ್ಟ್ ಸಡಿಲ.

ಬಲ ಟೈರ್ ಮಾತ್ರ ಸುಟ್ಟ ಗುರುತು ಬಿಡುತ್ತಿದ್ದರೆ ಗಾಬರಿ ಬೇಡ. ಶಾಫ್ಟ್ ತಿರುಗುವ ಬಲ ಆಕ್ಸಲ್‌ನ ಬಲಗಡೆಯನ್ನು ಎತ್ತಲು ನೋಡುತ್ತದೆ. ಬಲಬದಿಯ ಬಾರ್‌ಗೆ ಸ್ವಲ್ಪ ಮುಂಚಿತ ಬಿಗಿ ಕೊಡಿ, ಅದೂ ನೀವು ಸೀಟಿನಲ್ಲಿ ಕೂತಿರುವಾಗ, ಬೇರೆಯವರ ಕೈಯಲ್ಲಿ. ಡಿಫರೆನ್ಷಿಯಲ್ ಓಪನ್ ಆಗಿದ್ದರೆ (ಹಿಡಿತ ಬಿಟ್ಟ ಚಕ್ರ ಒಂದೇ ಸುತ್ತಲು ಬಿಡುವ ಬಗೆ) ಮಾತ್ರ ಇದರಿಂದ ಪೂರ್ತಿ ಗುಣ ಕಾಣುವುದಿಲ್ಲ.

ಶಾಕ್ ಅಬ್ಸಾರ್ಬರ್ (ಬಿಗಿ ಬದಲಿಸಬಹುದಾದ ಬಗೆಯದಾದರೆ) ಕೊನೆಗೆ. ಸ್ಟ್ರಿಪ್‌ನಲ್ಲಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಪಕ್ಕದಿಂದ ಸ್ಲೋ ಮೋಷನ್‌ನಲ್ಲಿ ಹಿಂದಿನ ಟೈರ್‌ನ ವಿಡಿಯೊ ತೆಗೆಯಿರಿ. ಟೈರ್‌ಗೂ ಮಡ್‌ಗಾರ್ಡ್‌ಗೂ ನಡುವಿನ ಜಾಗ ಒಮ್ಮೆಲೇ ಅಗಲವಾಗಿ, ಮರುಕ್ಷಣ ಟೈರ್ ಜಾರಿದರೆ, ಶಾಕ್ ಹಿಗ್ಗುವ ಕಡೆಯ ಬಿಗಿ ಒಂದೊಂದೇ ಕ್ಲಿಕ್ ಹೆಚ್ಚಿಸಿ. ಮುಂದಿನ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳು) ತೆಗೆಯಿರಿ ಅಂತಲೂ ಯಾರಾದರೂ ಹೇಳಿಯೇ ಹೇಳುತ್ತಾರೆ, ಊರೊಳಗೆ ಓಡಿಸುವ ಗಾಡಿಗೆ ಆ ಕೆಲಸ ಮಾಡಬೇಡಿ.

ಪ್ರೊಪೆಲ್ಲರ್ ಶಾಫ್ಟ್‌ಗೆ ಸೇಫ್ಟಿ ಲೂಪ್ (ಶಾಫ್ಟ್ ಮುರಿದರೆ ಕೆಳಗೆ ಬೀಳದಂತೆ ಹಿಡಿಯುವ ಬಳೆ) ಇಲ್ಲವಾದರೆ ಹಾಕಿಸಿಕೊಳ್ಳಿ, ಶಾಫ್ಟ್‌ನ ಮುಂದಿನ ಕೀಲಾದ ಯುನಿವರ್ಸಲ್ ಜಾಯಿಂಟ್‌ನಿಂದ 6 ಇಂಚಿನೊಳಗೆ. ಮತ್ತೆ ಯು-ಬೋಲ್ಟ್ ನಟ್‌ಗಳ ಮೇಲೆ ಒಂದು ಗೆರೆ ಪೇಂಟ್ ಎಳೆದಿಡಿ. ಮೊದಲ ಕೆಲವು ಲಾಂಚ್ ಆದಮೇಲೆ ಗೆರೆ ಸರಿದಿದ್ದರೆ ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿ ಮಾಡಿಕೊಂಡೇ ಮನೆಗೆ ಹೊರಡಿ.