30 ಹಾಸಿಗೆಯ ನರ್ಸಿಂಗ್ ಹೋಮ್‌ಗೆ ಹೊಸ ಫೋನ್ ವ್ಯವಸ್ಥೆ ಬೇಕು: ಇಪಿಎಬಿಎಕ್ಸ್, ಐಪಿ, ಕ್ಲೌಡ್, ಇವುಗಳಲ್ಲಿ ಯಾವುದು ಒಳ್ಳೆಯದು?

ನೀವು ಹೇಳಿದ ಪರಿಸ್ಥಿತಿ ಇದು: ತೀರ್ಥಹಳ್ಳಿ ಕಡೆ 30 ಹಾಸಿಗೆಯ ಆಸ್ಪತ್ರೆ, 24 ಎಕ್ಸ್‌ಟೆನ್ಷನ್, ಎರಡು ಲ್ಯಾಂಡ್‌ಲೈನ್. ಹಳೆಯ ಇಪಿಎಬಿಎಕ್ಸ್, ಅಂದರೆ ಒಳಗಿನ ಫೋನ್‌ಗಳನ್ನು ಒಂದಕ್ಕೊಂದು ಮತ್ತು ಹೊರಗಿನ ಲೈನಿಗೆ ಜೋಡಿಸುವ ಪೆಟ್ಟಿಗೆ, ಸಿಡಿಲಿಗೆ ಸುಟ್ಟುಹೋಗಿದೆ. ಒಬ್ಬ ಡೀಲರ್ ಎಲ್ಲವನ್ನೂ ಐಪಿ (ಡೇಟಾ ಕೇಬಲಿನ ಮೇಲೆ ನಡೆಯುವ ಫೋನ್) ಮಾಡಿಸಿ ಅಂತಾನೆ, ಇನ್ನೊಬ್ಬ ಕ್ಲೌಡ್ (ಆಸ್ಪತ್ರೆಯಲ್ಲಿ ಪೆಟ್ಟಿಗೆಯೇ ಇಲ್ಲದ, ಹೊರಗಿನ ಕಂಪನಿ ನಡೆಸುವ ಸೇವೆ) ಸಾಕು ಅಂತಾನೆ. ನಾನು ಮಲೆನಾಡಿನ ಊರುಗಳಲ್ಲಿ ಈ ಪೆಟ್ಟಿಗೆಗಳನ್ನು ಕೂರಿಸಿ ನೋಡಿಕೊಳ್ಳುವ ಕೆಲಸದಲ್ಲಿರುವವನು. ನನ್ನ ಉತ್ತರ: ಹೈಬ್ರಿಡ್ ಪಿಬಿಎಕ್ಸ್ ತಗೊಳ್ಳಿ, ಅಂದರೆ ಹಳೆಯ ಥರದ ಫೋನ್ ಮತ್ತು ಐಪಿ ಲೈನ್ ಎರಡನ್ನೂ ಹಿಡಿಯುವ ಪೆಟ್ಟಿಗೆ. ಒಳಗಿನ ಫೋನ್‌ಗಳು ಈಗಿರುವ ತಾಮ್ರದ ವೈರಿನ ಮೇಲೇ ಇರಲಿ. ಹೊರಗಿನ ಲೈನ್ ಮಾತ್ರ ಫೈಬರ್ ಮೇಲೆ ಬರಲಿ.

ಇಬ್ಬರು ಡೀಲರ್‌ಗಳೂ ನಿಮ್ಮ ಎರಡು ಬೇರೆ ಬೇರೆ ಅಗತ್ಯಗಳನ್ನು ಒಂದೇ ಗಂಟು ಮಾಡಿ ಮಾರುತ್ತಿದ್ದಾರೆ. ವಾರ್ಡಿನಿಂದ ಫಾರ್ಮಸಿಗೆ, ಆಪರೇಷನ್ ಥಿಯೇಟರಿನಿಂದ ಲ್ಯಾಬಿಗೆ ಹೋಗುವ ಕರೆ ಒಂದು. ಹೊರಗಿನಿಂದ ರೋಗಿಯ ಮನೆಯವರು ಮಾಡುವ ಕರೆ ಇನ್ನೊಂದು. ಮೊದಲನೆಯದಕ್ಕೆ ಇಂಟರ್‌ನೆಟ್ ಬೇಕಾಗಿಯೇ ಇಲ್ಲ, ಮಳೆಗಾಲದಲ್ಲಿ ನೆಟ್ ಹೋದರೂ ಅದು ನಡೆಯಲೇಬೇಕು. ಕ್ಲೌಡ್‌ನವರ ವರ್ಚುಯಲ್ ನಂಬರ್ ಹೊರಗಿನ ಕರೆಯನ್ನು ನಿಮ್ಮ ಸಿಬ್ಬಂದಿಯ ಮೊಬೈಲ್‌ಗೆ ತಲುಪಿಸುತ್ತದೆ, ಮಿಸ್ಡ್ ಕಾಲ್‌ಗಳ ಪಟ್ಟಿಯನ್ನೂ ಚೆನ್ನಾಗಿ ಕೊಡುತ್ತದೆ. ಆದರೆ ಹಾಸಿಗೆಯ ಪಕ್ಕದ ಫೋನಿನಿಂದ ನರ್ಸ್ ಸ್ಟೇಷನ್‌ಗೆ ಕರೆ ಮಾಡುವ ಕೆಲಸ ಅದರದ್ದಲ್ಲ.

ಬ್ರಾಂಡ್ ಮಾತಾಡುವ ಮೊದಲು ಲೈನ್ ಎಷ್ಟು ಬೇಕು ಅಂತ ಲೆಕ್ಕ ಹಾಕಿ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರವೇ ಇವತ್ತಿಗೂ ಇದಕ್ಕೆ ಆಧಾರ. ಬೆಳಗ್ಗೆ ಒಪಿಡಿ ಶುರುವಾಗುವ ಆ ಒಂದು ಗಂಟೆಯಲ್ಲಿ 30 ಕರೆ ಬರುತ್ತವೆ, ಒಂದೊಂದು 4 ನಿಮಿಷ ಅಂತ ಇಟ್ಟುಕೊಳ್ಳಿ. ಅಂದರೆ 120 ನಿಮಿಷದ ಮಾತು 60 ನಿಮಿಷದೊಳಗೆ ಹಿಡಿಯಬೇಕು. ಎರಡು ಲೈನ್ ಸರಿಹೋಗುತ್ತದಲ್ಲ ಅನಿಸಬಹುದು. ಆದರೆ ಕರೆಗಳು ಸಾಲಾಗಿ ಬರುವುದಿಲ್ಲ, ಒಟ್ಟಿಗೇ ಬಂದು ಬೀಳುತ್ತವೆ. ಸೂತ್ರದ ಪ್ರಕಾರ ಎರಡು ಲೈನ್ ಇದ್ದರೆ 100ರಲ್ಲಿ 40 ಜನಕ್ಕೆ ಎಂಗೇಜ್ ಟೋನ್. ನಾಲ್ಕು ಮಾಡಿದರೆ ಸುಮಾರು 10, ಆರು ಮಾಡಿದರೆ ಬರೀ 1. ಎಂಗೇಜ್ ಸಿಕ್ಕವರು ಮತ್ತೆ ಮತ್ತೆ ಒತ್ತುವುದರಿಂದ ವಾಸ್ತವ ಇನ್ನೂ ಕೆಟ್ಟದಾಗಿರುತ್ತದೆ. ಒಂದು ವಾರ ರಿಸೆಪ್ಷನ್‌ನವರಿಂದ ಆ ಗಂಟೆಯ ಕರೆಗಳನ್ನು ಬರೆಸಿ ನೋಡಿ. ಬಹಳಷ್ಟು ಕಡೆ ಜನ ಪೆಟ್ಟಿಗೆಯನ್ನು ಬೈಯುತ್ತಾರೆ, ಕೊರತೆ ಇರುವುದು ಲೈನಿನದ್ದು.

ಆ ಆರು ಲೈನುಗಳನ್ನು ತಾಮ್ರದಲ್ಲಿ ಎಳೆಸಬೇಡಿ, ಫೈಬರ್ ಮೇಲೆ ಸಿಪ್ ಟ್ರಂಕ್ (ಒಂದೇ ಡೇಟಾ ಸಂಪರ್ಕದಲ್ಲಿ ಹಲವು ಕರೆ ತರುವ ಲೈನ್) ತಗೊಳ್ಳಿ. ಒಂದು ಕರೆಗೆ ಹೆಚ್ಚೆಂದರೆ 100 ಕೆಬಿಪಿಎಸ್ ಸಾಕು, ಹಾಗಾಗಿ ಸ್ಪೀಡ್ ಒಂದು ಸಮಸ್ಯೆಯೇ ಅಲ್ಲ. ಆದರೆ ನೀವು ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳನ್ನು ಹೊರಗಿನ ರೇಡಿಯಾಲಜಿಸ್ಟ್‌ಗೆ ಕಳಿಸುವವರಾದರೆ, ಆ ಅಪ್‌ಲೋಡ್ ನಡೆಯುವಾಗ ಮಾತು ತುಂಡುತುಂಡಾಗುತ್ತದೆ. ರೌಟರಿನಲ್ಲಿ ಧ್ವನಿಗೆ ಮೊದಲ ಆದ್ಯತೆ ಕೊಡಿಸಿ, ಅದನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ಐಎಸ್‌ಡಿ ಪೂರ್ತಿ ಬಂದ್ ಮಾಡಿಸಿ, 1234 ಥರದ ಪಾಸ್‌ವರ್ಡ್ ಬಿಡಬೇಡಿ. ಇಂಥ ಪೆಟ್ಟಿಗೆಗಳನ್ನೇ ಹುಡುಕಿ, ರಾತ್ರಿಯಿಡೀ ವಿದೇಶಕ್ಕೆ ಕರೆ ಮಾಡಿ ಬಿಲ್ ಏರಿಸುವವರಿದ್ದಾರೆ.

ಸಿಡಿಲಿನ ವಿಷಯಕ್ಕೂ ಫೈಬರ್ ಒಳ್ಳೆಯದು. ಕಂಬದ ಮೇಲಿನ ತಾಮ್ರದ ಲೈನ್ ಹಿಡಿದು ಬರುತ್ತಿದ್ದ ಹೊಡೆತ ಗಾಜಿನ ಎಳೆಯಲ್ಲಿ ಬರುವುದಿಲ್ಲ. ಹಾಗಂತ ನಿಶ್ಚಿಂತೆಯಿಂದ ಇರಬೇಡಿ. ಕ್ವಾರ್ಟರ್ಸ್‌ಗೋ ಗೇಟಿನ ಸೆಕ್ಯೂರಿಟಿ ಕೋಣೆಗೋ ಅಂಗಳ ದಾಟಿ ಹೋಗಿರುವ ತಾಮ್ರದ ವೈರಿನ ಜೋಡಿ ಇದ್ದೇ ಇರುತ್ತದೆ. ಗೋಡೆಯ ಮೇಲಿನ ಎಂಡಿಎಫ್ ಡಬ್ಬಿ (ಫೋನಿನ ವೈರುಗಳೆಲ್ಲ ಬಂದು ಸೇರುವ ಜಾಗ) ತೆರೆದು ನೋಡಿ. ವೈರು ಸಿಕ್ಕಿಸುವ ಕ್ರೋನ್ ಮಾಡ್ಯೂಲಿನ ಹಲ್ಲುಗಳಲ್ಲಿ ಕೂತ ವೈರಿನ ತುದಿ ಹಸಿರುಗಟ್ಟಿದ್ದರೆ ತೇವ ಹಿಡಿದಿದೆ, ಫೋನಿನಲ್ಲಿ ಕೇಳುವ ಗೊರಗೊರ ಶಬ್ದ ಅಲ್ಲಿಂದಲೇ ಬರುವುದು. ಆ ತುದಿ ಕತ್ತರಿಸಿ ಮತ್ತೆ ಪಂಚ್ ಮಾಡಿಸಿ, ಹೊರಗೆ ಹೋಗುವ ಜೋಡಿಗಳಿಗೆ ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸುವ ಸರ್ಜ್ ಅರೆಸ್ಟರ್ ಹಾಕಿಸಿ, ಅರ್ಥಿಂಗ್ ಅಳೆಸಿ. ವೈರಿಂಗ್ ಚೆನ್ನಾಗಿದ್ದರೆ 24 ಐಪಿ ಫೋನ್, ಅವಕ್ಕೆ ಡೇಟಾ ಕೇಬಲಿನಲ್ಲೇ ಕರೆಂಟ್ ಕೊಡುವ ಪಿಒಇ ಸ್ವಿಚ್, ಹೊಸ ಕೇಬಲ್ ಇವುಗಳ ಖರ್ಚು ಪೂರ್ತಿ ಉಳಿಯುತ್ತದೆ.

ಒಂದು ಸೌಕರ್ಯ ಮಾತ್ರ ಕಳೆದುಕೊಳ್ಳುತ್ತೀರಿ. ಹಳೆಯ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಫೈಬರ್‌ನಲ್ಲಿ ಮೋಡೆಮ್, ರೌಟರ್, ಪಿಬಿಎಕ್ಸ್ ಮೂರಕ್ಕೂ ನಿಮ್ಮದೇ ಯುಪಿಎಸ್ ಬೇಕು. ಒಂದು ಬಿಟ್ಟುಹೋದರೂ ಆಸ್ಪತ್ರೆಗೆ ಹೊರಗಿನ ಕರೆ ಬರುವುದಿಲ್ಲ.

ಹಳೆಯ ನಂಬರನ್ನು ಯಾವ ಕಾರಣಕ್ಕೂ ಬಿಡಬೇಡಿ. ನಮ್ಮಲ್ಲಿ ಮೊಬೈಲಿನ ಹಾಗೆ ಲ್ಯಾಂಡ್‌ಲೈನ್ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಲು ಆಗುವುದಿಲ್ಲ. ನಿಮ್ಮದು ಬಿಎಸ್‌ಎನ್‌ಎಲ್ ಲೈನ್ ಆಗಿದ್ದರೆ ಅದೇ ನಂಬರನ್ನು ಅವರ ಫೈಬರ್‌ಗೆ ಬದಲಿಸಿಕೊಡಿ ಅಂತ ಕೇಳಿ. ಹಳ್ಳಿಗಳ ಮನೆಗಳಲ್ಲಿ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿರುವುದು ಆ ನಂಬರನ್ನೇ.

ಇನ್ನು ಐವಿಆರ್, ಅಂದರೆ ಕರೆ ಎತ್ತಿ 'ಇದಕ್ಕೆ ಇಷ್ಟು ಒತ್ತಿ' ಅನ್ನುವ ರೆಕಾರ್ಡ್ ಮಾಡಿದ ಧ್ವನಿ. ಡೀಲರ್ ಇದನ್ನು ದೊಡ್ಡ ಆಕರ್ಷಣೆ ಅಂತ ತೋರಿಸುತ್ತಾನೆ. ಹಗಲು ಬೇಕಾದರೆ ಇಡಿ: ಕನ್ನಡದಲ್ಲಿ, ನಿಮ್ಮ ಸಿಬ್ಬಂದಿಯದ್ದೇ ಧ್ವನಿಯಲ್ಲಿ, ಎರಡೇ ಆಯ್ಕೆ. ರಾತ್ರಿ ಖಂಡಿತ ಬೇಡ. ಹಾವು ಕಚ್ಚಿದವರನ್ನೋ ಹೆರಿಗೆ ನೋವಿನವರನ್ನೋ ಜೀಪಿನಲ್ಲಿ ಕೂರಿಸಿಕೊಂಡು, ಘಾಟಿ ರಸ್ತೆಯಲ್ಲಿ ಸಿಗ್ನಲ್ ಬಂದು ಹೋಗುವ ಮಧ್ಯೆ ಯಾರೋ ಕರೆ ಮಾಡುತ್ತಿರುತ್ತಾರೆ. 'ಅಪಾಯಿಂಟ್‌ಮೆಂಟ್‌ಗಾಗಿ 1 ಒತ್ತಿ' ಅಂತ ಕೇಳಿಸಿಕೊಳ್ಳುವಷ್ಟರಲ್ಲಿ ಅವರ ಸಿಗ್ನಲ್ ಹೋಗಿರುತ್ತದೆ. ರಾತ್ರಿ ಎಂಟರ ನಂತರ ಕರೆ ನೇರವಾಗಿ ಡ್ಯೂಟಿ ನರ್ಸ್ ಮೇಜಿನಲ್ಲಿ ರಿಂಗ್ ಆಗಲಿ. 15 ಸೆಕೆಂಡಿನಲ್ಲಿ ಎತ್ತದಿದ್ದರೆ ಕ್ಯಾಶುವಾಲ್ಟಿಗೆ, ಅಲ್ಲೂ ಎತ್ತದಿದ್ದರೆ ಡ್ಯೂಟಿ ಡಾಕ್ಟರ್ ಮೊಬೈಲ್‌ಗೆ. ಇದಕ್ಕೆ ನೈಟ್ ಮೋಡ್ ಅಂತಾರೆ, ಹೈಬ್ರಿಡ್ ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯ. ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ, ಇಲ್ಲದಿದ್ದರೆ ಪ್ರೋಗ್ರಾಮಿಂಗ್‌ಗೆ ಬೇರೆ ದುಡ್ಡು ಕೇಳುತ್ತಾರೆ.

ಪೂರ್ತಿ ಹಣ ಕೊಡುವ ಮೊದಲು ಅಡ್ಮಿನ್ ಪಾಸ್‌ವರ್ಡ್ ಮತ್ತು ಕಾನ್ಫಿಗರೇಶನ್ ಬ್ಯಾಕಪ್ ಫೈಲ್ ನಿಮ್ಮ ಕೈಗೆ ಬರಲಿ. ಆಮೇಲೆ ಡೀಲರ್ ಎದುರಿಗೇ ಮೇನ್ ಸ್ವಿಚ್ ಆರಿಸಿ, ಹೊರಗಿನ ಮೊಬೈಲಿನಿಂದ ಒಂದು ಕರೆ ಮಾಡಿಸಿ, ನೈಟ್ ಮೋಡಿನಲ್ಲಿ ಯಾರ ಮೇಜಿನಲ್ಲಿ ರಿಂಗ್ ಆಗುತ್ತದೆ ನೋಡಿ.